ಮೊಳಕೆಯಲ್ಲಿ ಕಾಣದ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ಮಾತನ್ನು ನಾವು ಎಷ್ಟು ಕಾಲದಿಂದ ಆಡುತ್ತ ಬಂದಿದ್ದೇವೆಂದರೆ, ಅದು ನಿಜವೇ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಇಂದಿನ ಕ್ರೀಡಾಲೋಕ ನಿಂತಿರುವುದೇ ಈ ನಂಬಿಕೆಯ ಮೇಲೆ. ಎಂಟು ವರ್ಷದ ಹುಡುಗನನ್ನು ಆರಿಸುವುದು, ಹನ್ನೆರಡಕ್ಕೆ ಮತ್ತೊಮ್ಮೆ ಜರಡಿ ಹಿಡಿಯುವುದು, ಹದಿನಾರಕ್ಕೆ ಇವನು ಆಗುತ್ತಾನೆ ಇವನು ಆಗುವುದಿಲ್ಲ ಎಂದು ತೀರ್ಪು ಕೊಡುವುದು ಯುರೋಪಿನ ಫುಟ್‌ಬಾಲ್‌ನಲ್ಲಿ ಈಗ ದಿನನಿತ್ಯದ ವ್ಯವಹಾರ. ಈ ಲೆಕ್ಕಾಚಾರದೊಳಗೆ ಯಾವ ರೀತಿಯಲ್ಲೂ ಕೂಡದ ಒಬ್ಬ ಆಟಗಾರನಿದ್ದಾರೆ. 1998ರ ಮೊದಲರ್ಧದಲ್ಲಿ, ಇನ್ನೇನು ಇಪ್ಪತ್ತು ತುಂಬಲಿದ್ದಾಗ, ಮಿರೊಸ್ಲಾವ್ ಕ್ಲೋಸೆ ಜರ್ಮನಿಯ ಏಳನೇ ಮಟ್ಟದ ಲೀಗಿನಲ್ಲಿ ಬ್ಲೌಬಾಖ್-ಡೀಡಲ್‌ಕಾಫ್ ಎಂಬ ಹಳ್ಳಿ ಕ್ಲಬ್ಬಿಗೆ ಆಡುತ್ತಿದ್ದರು. ಜೀವನೋಪಾಯಕ್ಕೆ ಕಲಿತದ್ದು ಬಡಗಿ ಕೆಲಸ. ಹದಿನಾರು ವರ್ಷಗಳ ನಂತರ, 2014ರ ಜುಲೈ 8ರಂದು, ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಆತಿಥೇಯರ ವಿರುದ್ಧದ ಸೆಮಿಫೈನಲ್‌ನಲ್ಲಿ ವಿಶ್ವಕಪ್‌ನ ತಮ್ಮ 16ನೇ ಗೋಲು ಹೊಡೆದು, ಅದೇ ಬ್ರೆಜಿಲ್‌ನ ರೊನಾಲ್ಡೊ ಹೆಸರಿನಲ್ಲಿದ್ದ 15 ಗೋಲುಗಳ ದಾಖಲೆಯನ್ನು ದಾಟಿದರು. ಇದನ್ನು ಸಾಮಾನ್ಯವಾಗಿ ಬಡಗಿಯೊಬ್ಬ ದೊಡ್ಡವನಾದ ಕಥೆಯಾಗಿ ಹೇಳಿ ಮುಗಿಸುತ್ತಾರೆ. ನನಗೆ ಇದು ಸಾಕ್ಷ್ಯವಾಗಿ ಹೆಚ್ಚು ಮುಖ್ಯ. ಪ್ರತಿಭೆಯನ್ನು ಹುಡುಕುವ ಯಾವುದೇ ವ್ಯವಸ್ಥೆಯ ಯೋಗ್ಯತೆಯನ್ನು ಅಳೆಯುವಾಗ ಅದು ಎಷ್ಟು ಬೇಗ ಆರಿಸುತ್ತದೆ ಎಂದು ನೋಡುತ್ತೇವೆ; ತಡವಾಗಿ ಬಂದವನಿಗೆ ಅದು ಎಲ್ಲಿಯವರೆಗೆ ಬಾಗಿಲು ತೆರೆದಿಡುತ್ತದೆ ಎಂದು ನೋಡಬೇಕಿತ್ತು ಎಂಬುದು ನನ್ನ ವಾದ.

ಕ್ಲೋಸೆ ಹುಟ್ಟಿದ್ದು 1978ರ ಜೂನ್ 9ರಂದು, ಪೋಲೆಂಡಿನ ಒಪೋಲೆಯಲ್ಲಿ. ಜರ್ಮನ್ ಮೂಲದ ಈ ಕುಟುಂಬ ಎಂಬತ್ತರ ದಶಕದ ನಡುವೆ ಪಶ್ಚಿಮ ಜರ್ಮನಿಯ ಕೂಸಲ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿದಾಗ ಹುಡುಗನಿಗೆ ಜರ್ಮನ್ ಭಾಷೆಯೇ ಬರುತ್ತಿರಲಿಲ್ಲ. ಹೀಗೆ ಬಂದವನಿಗೆ ಆಡಲು ಜಾಗ ಕೊಟ್ಟದ್ದು ಊರಿನ ಕ್ಲಬ್ಬು. ಇಲ್ಲಿ ಆ ದೇಶದ ಫುಟ್‌ಬಾಲ್ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಗಮನಿಸಬೇಕು. ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಅಡಿಯಲ್ಲಿ ಸುಮಾರು 24,000 ಕ್ಲಬ್ಬುಗಳಿವೆ, 70 ಲಕ್ಷಕ್ಕೂ ಮಿಕ್ಕಿ ಸದಸ್ಯರಿದ್ದಾರೆ. ಇವುಗಳಲ್ಲಿ ಬಹುಪಾಲು ಸದಸ್ಯರ ಚಂದಾದಿಂದ, ಸ್ವಯಂಸೇವಕರ ಶ್ರಮದಿಂದ ನಡೆಯುವ ಊರ ಸಂಘಗಳು. ಮೇಲಿನ ಬುಂಡೆಸ್‌ಲೀಗಾದಿಂದ ಹಿಡಿದು ಕೆಳಗಿನ ಜಿಲ್ಲಾ ಲೀಗಿನವರೆಗೆ ಎಲ್ಲವೂ ಒಂದೇ ಏಣಿಯ ಮೆಟ್ಟಿಲುಗಳು. ಗೆದ್ದ ತಂಡ ಮೇಲೆ ಹತ್ತುತ್ತದೆ, ಸೋತದ್ದು ಕೆಳಗಿಳಿಯುತ್ತದೆ. ದೊಡ್ಡ ಕ್ಲಬ್ಬುಗಳ ಎರಡನೇ ತಂಡಗಳೂ ಇದೇ ಏಣಿಯ ನಡುವೆ ಎಲ್ಲೋ ಆಡುತ್ತಿರುತ್ತವೆ. ಕ್ಲೋಸೆ ಏರಿದ್ದು ಹೀಗೆ: 1998ರಲ್ಲಿ ಊರ ಕ್ಲಬ್ಬಿನಿಂದ ಹೋಂಬುರ್ಗ್‌ಗೆ, 1999ರಲ್ಲಿ ಅಲ್ಲಿಂದ ಕೈಸರ್ಸ್‌ಲೌಟರ್ನ್ ಕ್ಲಬ್ಬಿನ ಎರಡನೇ ತಂಡಕ್ಕೆ, 2000ದ ಏಪ್ರಿಲ್‌ನಲ್ಲಿ ಕೋಚ್ ಒಟ್ಟೊ ರೆಹಾಗೆಲ್ ಅವರ ಕೈಕೆಳಗೆ ಅದೇ ಕ್ಲಬ್ಬಿನ ಮೊದಲ ತಂಡಕ್ಕೆ. 2001ರ ಮಾರ್ಚ್‌ನಲ್ಲಿ ಅಲ್ಬೇನಿಯಾ ವಿರುದ್ಧ ಬದಲಿ ಆಟಗಾರನಾಗಿ ಇಳಿದು, ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಗೆಲುವಿನ ಗೋಲು ಹೊಡೆದರು. ಏಳನೇ ಲೀಗಿನಿಂದ ರಾಷ್ಟ್ರೀಯ ತಂಡಕ್ಕೆ ಹಿಡಿದದ್ದು ಮೂರೇ ವರ್ಷ. ಈ ಏಣಿಯ ಯಾವ ಮೆಟ್ಟಿಲಿನಲ್ಲೂ ಅವರ ವಯಸ್ಸು ಕೇಳಿ ಹಿಂದಕ್ಕೆ ಕಳಿಸುವ ಕಾವಲುಗಾರ ಇರಲಿಲ್ಲ. ಮುಂದಿನ ವಾರ ಗೋಲು ಹೊಡೆಯುತ್ತೀಯಾ ಎಂಬುದೊಂದೇ ಅಲ್ಲಿ ಪ್ರಶ್ನೆ.

ಬಡಗಿ ವಿದ್ಯೆಯ ವಿಷಯವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಅವರು ಕಲಿತದ್ದು ಮನೆಗಳ ಮಾಡು ಕಟ್ಟುವ ಮರಗೆಲಸ. ಜರ್ಮನಿಯಲ್ಲಿ ಇಂಥ ಕಸುಬುಗಳನ್ನು ಸುಮಾರು ಮೂರು ವರ್ಷ, ವಾರದ ಕೆಲವು ದಿನ ಕೆಲಸದ ಜಾಗದಲ್ಲಿ, ಉಳಿದ ದಿನ ವೃತ್ತಿ ಶಾಲೆಯಲ್ಲಿ ಕಲಿಸುತ್ತಾರೆ. ಕಲಿಯುವಾಗಲೇ ಸ್ವಲ್ಪ ಸಂಬಳವೂ ಸಿಗುತ್ತದೆ. ಹದಿನೇಳರ ಹುಡುಗನಿಗೆ ಇದರಿಂದ ದೊರೆಯುವುದು ಕಾಯುವ ಶಕ್ತಿ. ಫುಟ್‌ಬಾಲ್ ಕೈಹಿಡಿಯದಿದ್ದರೆ ಬದುಕೇ ಮುಳುಗಿತು ಎನ್ನುವ ಭಯ ಇಲ್ಲದವನು ಇನ್ನೆರಡು ವರ್ಷ ಕೆಳಗಿನ ಲೀಗಿನಲ್ಲಿ ಆಡಬಲ್ಲ. ಮರಗೆಲಸದ ತಾಳ್ಮೆಯೇ ಅವರ ಆಟಕ್ಕೆ ಬಂತು, ತೊಲೆ ಜೋಡಿಸಿದ ಕೈಯ ಪ್ರಾಮಾಣಿಕತೆಯೇ ಮೈದಾನದಲ್ಲಿ ಕಂಡಿತು ಎಂದು ಬರೆಯುವ ಆಸೆ ಯಾರಿಗಾದರೂ ಆದೀತು. ಯಾಕೆಂದರೆ ಕ್ಲೋಸೆಯ ಪ್ರಾಮಾಣಿಕತೆಗೆ ದಾಖಲೆಯಿದೆ. 2005ರಲ್ಲಿ ಬ್ರೆಮೆನ್ ಪರ ಆಡುತ್ತಿದ್ದಾಗ ತಮಗೆ ದೊರೆತ ಪೆನಾಲ್ಟಿ ನ್ಯಾಯವಾದದ್ದಲ್ಲ ಎಂದು ತಾವೇ ರೆಫರಿಗೆ ಹೇಳಿದರು. 2012ರಲ್ಲಿ ಲಾಟ್ಸಿಯೊ ಪರ ನಾಪೊಲಿ ವಿರುದ್ಧ ಹೊಡೆದ ಗೋಲಿನಲ್ಲಿ ಚೆಂಡು ತಮ್ಮ ಕೈಗೆ ತಾಗಿತ್ತೆಂದು ಒಪ್ಪಿಕೊಂಡು ಗೋಲನ್ನು ರದ್ದು ಮಾಡಿಸಿದರು, ಆ ಪಂದ್ಯವನ್ನು ಅವರ ತಂಡ 0-3ರಿಂದ ಸೋತಿತು. ಎರಡೂ ಘಟನೆಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇವನ್ನು ಕಸುಬಿನೊಂದಿಗೆ ಗಂಟುಹಾಕಲು ಆಧಾರವಿಲ್ಲ. ಬಡಗಿ ಕೆಲಸ ಅವರಿಗೆ ಗುಣ ಕೊಟ್ಟಿತೋ ಇಲ್ಲವೋ, ಸಮಯವನ್ನಂತೂ ಕೊಟ್ಟಿತು. ನನ್ನ ವಾದಕ್ಕೆ ಅಷ್ಟು ಸಾಕು.

ಆ ಸಮಯದಲ್ಲಿ ಮಾಗಿದ್ದು ಏನು ಎಂಬುದು ಅವರ ಗೋಲುಗಳನ್ನು ನೋಡಿದರೆ ತಿಳಿಯುತ್ತದೆ. ವಿಶ್ವಕಪ್‌ನ ಹದಿನಾರೂ ಗೋಲುಗಳು ಪೆನಾಲ್ಟಿ ಪ್ರದೇಶದ ಒಳಗಿನಿಂದಲೇ ಬಂದಿವೆ. ಒಂದೂ ಪೆನಾಲ್ಟಿ ಒದೆತವಲ್ಲ. 2002ರ ಐದು ಗೋಲುಗಳನ್ನೂ ತಲೆಯಿಂದಲೇ ಹೊಡೆದರು, ಅದರಲ್ಲಿ ಮೂರು ಸೌದಿ ಅರೇಬಿಯಾ ವಿರುದ್ಧ ಒಂದೇ ಪಂದ್ಯದಲ್ಲಿ. ಹತ್ತು ಜನರನ್ನು ದಾಟಿ ಚೆಂಡು ಒಯ್ಯುವ ಚಳಕ ಅವರಲ್ಲಿ ಇರಲಿಲ್ಲ, ದೂರದಿಂದ ಬಲೆ ಹರಿಯುವಂತೆ ಒದೆಯುವುದೂ ಅವರ ಮಾರ್ಗವಲ್ಲ. ಡಿಫೆಂಡರ್ ಚೆಂಡನ್ನು ನೋಡುತ್ತಿರುವ ಆ ಒಂದು ಗಳಿಗೆಯಲ್ಲಿ ಅವನ ಬೆನ್ನ ಹಿಂದಿನಿಂದ ಜಾರಿ ಮುಂದೆ ಬರುವುದು, ಚೆಂಡು ಬೀಳುವ ಜಾಗವನ್ನು ಅದು ಬೀಳುವ ಮುನ್ನವೇ ಊಹಿಸುವುದು, ಎಲ್ಲರಿಗಿಂತ ಅರೆಕ್ಷಣ ಮೊದಲು ನೆಗೆಯುವುದು: ಇಷ್ಟೇ ಅವರ ಬಂಡವಾಳ. 2014ರಲ್ಲಿ ಘಾನಾ ವಿರುದ್ಧ 69ನೇ ನಿಮಿಷಕ್ಕೆ ಮೈದಾನಕ್ಕಿಳಿದ 36 ವರ್ಷದ ಕ್ಲೋಸೆ, ಎರಡೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದು ಗೋಲುಕಂಬದ ಬಳಿ ದಾಟಿಹೋಗುತ್ತಿದ್ದ ಚೆಂಡಿಗೆ ಕಾಲು ಚಾಚಿ ರೊನಾಲ್ಡೊ ದಾಖಲೆಯನ್ನು ಸರಿಗಟ್ಟಿದರು. ಬ್ರೆಜಿಲ್ ವಿರುದ್ಧ ಅವರ ಮೊದಲ ಒದೆತವನ್ನು ಗೋಲ್‌ಕೀಪರ್ ತಡೆದರು. ಮರಳಿ ಬಂದ ಚೆಂಡಿನ ಬಳಿ ಆಗಲೂ ಮೊದಲು ತಲುಪಿದ್ದು ಅವರೇ. ಇಂಥ ಗುಣವನ್ನು ಹತ್ತು ವರ್ಷದ ಹುಡುಗನಲ್ಲಿ ಗುರುತಿಸುವುದು ಹೇಗೆ? ಆಯ್ಕೆಗೆ ನಿಂತ ತರಬೇತುದಾರನ ಕಣ್ಣಿಗೆ ಬೀಳುವುದು ವೇಗ, ಚೆಂಡಿನ ಮೇಲಿನ ಹಿಡಿತ, ಮೈಕಟ್ಟು. ಚೆಂಡಿಲ್ಲದಾಗ ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆ ಬಹಳ ಪಂದ್ಯಗಳ ಕೊನೆಗೆ ಮೂಡುವಂಥದ್ದು, ಅದೂ ಗೋಲಿನ ರೂಪದಲ್ಲಿ ಮಾತ್ರ ಕಾಣುವಂಥದ್ದು. ಒಂದು ದಿನದ ಆಯ್ಕೆ ಶಿಬಿರದಲ್ಲಿ ಅದು ಕಾಣದಿದ್ದರೆ ಆಶ್ಚರ್ಯವಿಲ್ಲ.

ಕ್ಲೋಸೆ ಕೈಸರ್ಸ್‌ಲೌಟರ್ನ್‌ನ ಮೊದಲ ತಂಡಕ್ಕೆ ಬಂದ ಎರಡೇ ತಿಂಗಳಿಗೆ ಜರ್ಮನ್ ಫುಟ್‌ಬಾಲ್ ತನ್ನ ಇತಿಹಾಸದ ಅತಿ ದೊಡ್ಡ ಅವಮಾನಗಳಲ್ಲೊಂದನ್ನು ಅನುಭವಿಸಿತು. 2000ದ ಯುರೊ ಕಪ್‌ನಲ್ಲಿ ರುಮೇನಿಯಾ ಜತೆ ಸಮ, ಇಂಗ್ಲೆಂಡ್‌ಗೆ ಸೋಲು, ಪೋರ್ಚುಗಲ್‌ಗೆ 0-3ರ ಸೋಲು. ಒಂದೇ ಅಂಕದೊಂದಿಗೆ ಗುಂಪಿನ ಕೊನೆಯ ಸ್ಥಾನ. 39 ವರ್ಷದ ಲೋಥರ್ ಮಥೇಯಸ್ ಆಗಲೂ ರಕ್ಷಣಾ ಸಾಲಿನಲ್ಲಿದ್ದರು. ದೇಶದಲ್ಲಿ ಹೊಸ ಪ್ರತಿಭೆಯೇ ಇಲ್ಲ ಎಂಬ ಕೂಗೆದ್ದಿತು. ಪರಿಹಾರವೂ ಬೇಗನೆ ಬಂತು: ಬುಂಡೆಸ್‌ಲೀಗಾದ ಪ್ರತಿ ಕ್ಲಬ್ಬೂ ಯುವ ತರಬೇತಿ ಕೇಂದ್ರ ನಡೆಸುವುದನ್ನು ಕಡ್ಡಾಯ ಮಾಡಲಾಯಿತು, ದೇಶದ ಉದ್ದಗಲಕ್ಕೆ 300ಕ್ಕೂ ಹೆಚ್ಚು ಪ್ರತಿಭಾ ಕೇಂದ್ರಗಳು ಎದ್ದವು. ಆ ಹೊತ್ತಿನ ವಿಚಿತ್ರವನ್ನು ನೋಡಿ. ಪ್ರತಿಭೆ ಇಲ್ಲವೆಂದು ದೇಶ ಕೊರಗುತ್ತಿದ್ದಾಗ, ಎರಡು ವರ್ಷಗಳಲ್ಲಿ ಅದನ್ನು ವಿಶ್ವಕಪ್ ಫೈನಲ್‌ಗೆ ಕೊಂಡೊಯ್ಯಲು ನೆರವಾಗಲಿದ್ದ ಗೋಲುಗಾರ ಆಗಲೇ ಬುಂಡೆಸ್‌ಲೀಗಾದ ಕ್ಲಬ್ಬೊಂದರಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದರು. ಕೊರತೆ ಇದ್ದದ್ದು ಪ್ರತಿಭೆಯದೋ ನೋಡುವ ಕಣ್ಣಿನದೋ ಎಂಬ ಪ್ರಶ್ನೆಯನ್ನು ಆಗ ಹೆಚ್ಚು ಜನ ಕೇಳಲಿಲ್ಲ. ರೋಗಕ್ಕೆ ಮದ್ದು ಬೇಕಿತ್ತು ನಿಜ. ಮದ್ದು ಫಲಿಸಿತು ಕೂಡ, ಅದನ್ನು ಮುಂದೆ ಹೇಳುತ್ತೇನೆ. ಆದರೆ ರೋಗವನ್ನು ಗುರುತಿಸಿದ ಬಗೆ ಪೂರ್ತಿ ಸರಿಯಿರಲಿಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಕ್ಲೋಸೆಯನ್ನು ಎಲ್ಲಿಂದಲೋ ಬಂದ ಅನಾಮಿಕನೆಂದು ಕರೆಯುವುದೇ ತಪ್ಪು ಎಂಬುದು. ಅವರ ತಂದೆ ಜೋಸೆಫ್ ಕ್ಲೋಸೆ ಪೋಲೆಂಡಿನ ಒಡ್ರಾ ಒಪೋಲೆ, ಫ್ರಾನ್ಸಿನ ಓಸೇರ್ ಕ್ಲಬ್ಬುಗಳಿಗೆ ಆಡಿದ ವೃತ್ತಿಪರ ಫುಟ್‌ಬಾಲಿಗ. ತಾಯಿ ಪೋಲೆಂಡ್ ರಾಷ್ಟ್ರೀಯ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ನೂಲಿನಂತೆ ಸೀರೆ ಎಂದು ನಾವೂ ಹೇಳುತ್ತೇವಲ್ಲ. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದನ್ನು ಒಪ್ಪಿದಷ್ಟೂ ನನ್ನ ವಾದ ಗಟ್ಟಿಯಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ಉನ್ನತ ಮಟ್ಟದ ಆಟಗಾರರಾಗಿದ್ದ ಮನೆಯ ಹುಡುಗ, ಚೆಂಡು ಒದೆಯುತ್ತಲೇ ಬೆಳೆದವನು, ಹತ್ತೊಂಬತ್ತರವರೆಗೆ ಯಾವ ದೊಡ್ಡ ಕ್ಲಬ್ಬಿನ ಬಲೆಗೂ ಬೀಳದೆ ಉಳಿದನೆಂದರೆ, ಅಂಥ ಹಿನ್ನೆಲೆಯಿಲ್ಲದ ಹುಡುಗರು ಎಷ್ಟು ಮಂದಿ ಹಾಗೇ ಉಳಿದಿರಬಹುದು? ಪೋಲೆಂಡಿನ ತಂಡದ ಕೋಚ್ ಅವರನ್ನು ತಮ್ಮ ದೇಶಕ್ಕೆ ಆಡಿಸಲು ಒಲಿಸಿಕೊಳ್ಳಲು ಬಂದದ್ದೂ ಬುಂಡೆಸ್‌ಲೀಗಾದಲ್ಲಿ ಗೋಲು ಬೀಳತೊಡಗಿದ ಮೇಲೆಯೇ.

ಎರಡನೇ ಆಕ್ಷೇಪ ಇನ್ನೂ ಬಲವಾದದ್ದು. ಒಂದು ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ; ಏಳನೇ ಲೀಗಿನಿಂದ ಮೇಲೇರಿದ ಒಬ್ಬನನ್ನು ನೋಡುತ್ತೇವೆ, ಏರದೆ ಉಳಿದ ಸಾವಿರಾರು ಜನರನ್ನು ನೋಡುವುದಿಲ್ಲ. ಹದಿಹರೆಯದಲ್ಲಿ ಕಣ್ಣಿಗೆ ಬೀಳದವರಲ್ಲಿ ಬಹುಪಾಲು ಜನ ಮುಂದೆಯೂ ದೊಡ್ಡ ಆಟಗಾರರಾಗುವುದಿಲ್ಲ ಎಂಬುದು ನಿಜ. ಆದರೆ ಈ ತರ್ಕ ಎರಡೂ ಕಡೆ ಕೊಯ್ಯುತ್ತದೆ. ಆಯ್ಕೆಯಾದವರಲ್ಲಿ ಗೆದ್ದವರನ್ನಷ್ಟೇ ತೋರಿಸಿ ಆಯ್ಕೆ ಸರಿಯಾಗಿತ್ತು ಎನ್ನುವುದೂ ಅದೇ ತಪ್ಪು. ಒಂದೇ ವರ್ಷದಲ್ಲಿ ಹುಟ್ಟಿದ ಮಕ್ಕಳನ್ನು ಒಟ್ಟಿಗೆ ಪರೀಕ್ಷಿಸಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಆಯ್ಕೆಯಾಗುತ್ತಾರೆಂಬುದು ಹಲವು ದೇಶಗಳ ಯುವ ತಂಡಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಹನ್ನೆರಡರ ವಯಸ್ಸಿನಲ್ಲಿ ಹತ್ತು ತಿಂಗಳ ಅಂತರವೆಂದರೆ ಎತ್ತರದಲ್ಲಿ, ತೂಕದಲ್ಲಿ, ಓಟದಲ್ಲಿ ದೊಡ್ಡ ಅಂತರ. ಜನವರಿಯಲ್ಲಿ ಹುಟ್ಟುವುದು ಪ್ರತಿಭೆಯೇನೂ ಅಲ್ಲವಲ್ಲ. ಅಂದಮೇಲೆ ಆಯ್ಕೆದಾರರು ಪ್ರತಿಭೆ ಎಂದು ಗುರುತಿಸುವುದರಲ್ಲಿ ಒಂದು ಪಾಲು ಕೇವಲ ಬೇಗ ಬೆಳೆದ ದೇಹ. ಇದು ಒಬ್ಬ ಕ್ಲೋಸೆಯನ್ನು ಅವಲಂಬಿಸಿದ ಮಾತಲ್ಲ. ಇಂಗ್ಲೆಂಡಿನಲ್ಲಿ ಜೇಮಿ ವಾರ್ಡಿಯನ್ನು ಹದಿನಾರರಲ್ಲಿ ಕ್ಲಬ್ಬು ಕೈಬಿಟ್ಟಿತ್ತು. ಕಾರ್ಖಾನೆಯಲ್ಲಿ ದುಡಿಯುತ್ತ ಕೆಳಗಿನ ಲೀಗುಗಳಲ್ಲಿ ಆಡಿದ ಅವರು 2016ರಲ್ಲಿ ಲೆಸ್ಟರ್ ಸಿಟಿಯೊಂದಿಗೆ ಪ್ರೀಮಿಯರ್ ಲೀಗ್ ಗೆದ್ದರು.

ಬೇಗ ಕಂಡ ಪ್ರತಿಭೆಯ ಕಡೆಯಿಂದಲೂ ಇದನ್ನು ನೋಡಬೇಕು. ಕ್ಲೋಸೆಗಿಂತ ಎರಡು ವರ್ಷವೂ ಕಿರಿಯರಲ್ಲದ ಸೆಬಾಸ್ಟಿಯನ್ ಡೈಸ್ಲರ್ ಆ ಕಾಲದ ಜರ್ಮನಿಯ ಮಹಾನ್ ಭರವಸೆ. ಹದಿನೈದಕ್ಕೆ ಊರು ಬಿಟ್ಟು ಮೋನ್ಶೆನ್‌ಗ್ಲಾಡ್‌ಬಾಖ್‌ನ ಕ್ಲಬ್ಬು ಸೇರಿದರು, ಹದಿನೆಂಟಕ್ಕೆ ಬುಂಡೆಸ್‌ಲೀಗಾದಲ್ಲಿ ಆಡಿದರು, ಇಪ್ಪತ್ತಕ್ಕೆ 2000ದ ಯುರೊ ಕಪ್ ತಂಡದಲ್ಲಿದ್ದರು. ಜರ್ಮನ್ ಫುಟ್‌ಬಾಲ್‌ನ ಉದ್ಧಾರಕ ಎಂಬ ಹೊರೆಯನ್ನು ಪತ್ರಿಕೆಗಳು ಅವರ ಎಳೆಯ ಹೆಗಲ ಮೇಲೆ ಹೊರಿಸಿದವು. ಮೊಣಕಾಲಿನ ಗಾಯಗಳು ಒಂದರ ಮೇಲೊಂದು ಬಂದವು, ಖಿನ್ನತೆಗೆ ಚಿಕಿತ್ಸೆ ಪಡೆಯಬೇಕಾಯಿತು, 2007ರ ಜನವರಿಯಲ್ಲಿ 27ರ ಹರೆಯದಲ್ಲೇ ಆಟ ಬಿಟ್ಟರು. ಬೇಗ ಆರಿಸಿದ್ದರಿಂದಲೇ ಅವರು ಬಳಲಿದರು ಎಂದು ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ನೋವನ್ನು ವಾದದ ಸರಕಾಗಿಸುವುದು ಸಲ್ಲದು. ಆದರೆ ಮೊಳಕೆಯಲ್ಲಿ ಎಲ್ಲರಿಗೂ ಕಂಡ ಸಿರಿಗೂ ಬೆಳೆಯ ಖಾತರಿಯಿಲ್ಲ ಎಂಬುದಂತೂ ಇಲ್ಲಿ ಕಾಣುತ್ತದೆ. ಮೊಳಕೆ ಎರಡೂ ಕಡೆ ತಪ್ಪು ಸುಳಿವು ಕೊಡಬಲ್ಲುದಾದರೆ, ಅದರ ಮೇಲೆ ಅಷ್ಟು ಬೇಗ ಕಟ್ಟಕಡೆಯ ತೀರ್ಪು ಬರೆಯುವುದೇಕೆ?

ಕ್ಲೋಸೆಯ ದಾಖಲೆಯನ್ನೇ ಕಿರಿದುಗೊಳಿಸುವ ಮೂರನೆಯ ವಾದವೊಂದಿದೆ. ಅವರ 16 ಗೋಲುಗಳಿಗೆ 24 ಪಂದ್ಯಗಳು ಬೇಕಾದವು. ರೊನಾಲ್ಡೊ 15 ಗೋಲು ಹೊಡೆದದ್ದು 19 ಪಂದ್ಯಗಳಲ್ಲಿ, ಗರ್ಡ್ ಮುಲ್ಲರ್ 14 ಗೋಲು ಹೊಡೆದದ್ದು 13ರಲ್ಲಿ, ಫ್ರಾನ್ಸಿನ ಜುಸ್ಟ್ ಫಾಂಟೇನ್ 1958ರ ಒಂದೇ ವಿಶ್ವಕಪ್‌ನ ಆರು ಪಂದ್ಯಗಳಲ್ಲಿ 13. ಜರ್ಮನಿ ಪರ ಮುಲ್ಲರ್ 62 ಪಂದ್ಯಗಳಲ್ಲಿ 68 ಗೋಲು ಹೊಡೆದರೆ, ಕ್ಲೋಸೆ 71 ಗೋಲಿಗೆ 137 ಪಂದ್ಯ ಆಡಿದರು. ಹಾಗಾದರೆ ಇದು ಬಹುಕಾಲ ಉಳಿದವನ ದಾಖಲೆಯಲ್ಲವೇ? ಹೌದು. ಮುಲ್ಲರ್ ಕ್ಲೋಸೆಗಿಂತ ದೊಡ್ಡ ಗೋಲುಗಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾಲ್ಕು ವಿಶ್ವಕಪ್‌ಗಳಲ್ಲಿ ಗೋಲು ಹೊಡೆಯುವಷ್ಟು ಕಾಲ ಉಳಿಯುವುದು ಸಣ್ಣ ಮಾತೇ? ಅದಕ್ಕೂ ಮುಂಚೆ ಆ ಸಾಧನೆ ಮಾಡಿದ್ದವರು ಪೆಲೆ ಮತ್ತು ಊವೆ ಜೇಲರ್ ಇಬ್ಬರೇ. 2006ರಲ್ಲಿ ತವರು ನೆಲದಲ್ಲಿ ಐದು ಗೋಲಿನೊಂದಿಗೆ ಚಿನ್ನದ ಬೂಟು ಗೆದ್ದ ಕ್ಲೋಸೆ, ಬಾಯರ್ನ್ ಮ್ಯೂನಿಕ್‌ನಲ್ಲಿ 2009-10ರ ಲೀಗ್ ಋತುವಿನಲ್ಲಿ ಮೂರೇ ಗೋಲು ಹೊಡೆದು ಬೆಂಚಿನ ಮೇಲೆ ಕೂತಿದ್ದರು. ಅವರ ಕಾಲ ಮುಗಿಯಿತೆಂದು ಬರೆದವರು ಅನೇಕರು. ಅದೇ ಬೇಸಿಗೆಯಲ್ಲಿ ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಒಂದು, ಅರ್ಜೆಂಟೀನಾ ವಿರುದ್ಧ ಎರಡು ಸೇರಿ ನಾಲ್ಕು ಗೋಲು ಹೊಡೆದರು. 34ನೇ ವಯಸ್ಸಿನಲ್ಲಿ, 2013ರ ಮೇ ತಿಂಗಳಲ್ಲಿ, ಲಾಟ್ಸಿಯೊ ಪರ ಬೊಲೊನ್ಯಾ ವಿರುದ್ಧ ಒಂದೇ ಪಂದ್ಯದಲ್ಲಿ ಐದು. ಕಾಲಿನ ವೇಗವನ್ನೇ ನಂಬಿದವನು ವೇಗ ಕುಂದಿದಾಗ ನಿಲ್ಲಬೇಕಾಗುತ್ತದೆ; ಜಾಗ ಓದುವ ಬುದ್ಧಿಯನ್ನು ನಂಬಿದವನಿಗೆ ವಯಸ್ಸು ಅಷ್ಟು ಬೇಗ ಶತ್ರುವಾಗುವುದಿಲ್ಲ. ಅವರು ಗೋಲು ಹೊಡೆದ ಯಾವ ಅಂತರರಾಷ್ಟ್ರೀಯ ಪಂದ್ಯವನ್ನೂ ಜರ್ಮನಿ ಸೋಲಲಿಲ್ಲ. ತಡವಾಗಿ ಮಾಗಿದ್ದಕ್ಕೂ ಬಹುಕಾಲ ಉಳಿದದ್ದಕ್ಕೂ ಬೇರು ಒಂದೇ ಎಂದು ನನಗನ್ನಿಸುತ್ತದೆ.

ನನ್ನ ವಾದಕ್ಕೆ ನಿಜವಾದ ಪರೀಕ್ಷೆ ಇರುವುದು 2014ರ ಫೈನಲ್‌ನಲ್ಲಿ. ಜುಲೈ 13ರಂದು ಮರಕಾನಾದಲ್ಲಿ ಅರ್ಜೆಂಟೀನಾ ವಿರುದ್ಧ 88ನೇ ನಿಮಿಷದಲ್ಲಿ ಕೋಚ್ ಯೋಕಿಮ್ ಲೋವ್ ಅವರು ಕ್ಲೋಸೆಯನ್ನು ಹೊರಕರೆದು 22 ವರ್ಷದ ಮಾರಿಯೊ ಗೋಟ್ಸೆಯನ್ನು ಕಳಿಸಿದರು. ಹೆಚ್ಚುವರಿ ಸಮಯದ 113ನೇ ನಿಮಿಷದಲ್ಲಿ ಗೋಟ್ಸೆ ಚೆಂಡನ್ನು ಎದೆಯಿಂದ ಇಳಿಸಿಕೊಂಡು ಎಡಗಾಲಿನಿಂದ ಗೋಲಿಗಟ್ಟಿದರು, ಜರ್ಮನಿ ಗೆದ್ದಿತು. ಗೋಟ್ಸೆ ಬಾಲ್ಯದಲ್ಲೇ ಡಾರ್ಟ್‌ಮಂಡ್ ಕ್ಲಬ್ಬು ಸೇರಿ, ಹದಿನೇಳಕ್ಕೆ ಬುಂಡೆಸ್‌ಲೀಗಾ ಆಡಿದವರು. 2000ದ ನಂತರದ ಸುಧಾರಣೆಯ ಕೂಸು. ನೋಯರ್, ಕ್ರೂಸ್, ಥಾಮಸ್ ಮುಲ್ಲರ್ ಎಲ್ಲರೂ ಯುವ ತರಬೇತಿ ಕೇಂದ್ರಗಳಲ್ಲಿ ಬೆಳೆದವರೇ. ಅಕಾಡೆಮಿಗಳಿಲ್ಲದೆ ಈ ಕಪ್ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ತಲೆಬಾಗಿ ಒಪ್ಪುತ್ತೇನೆ. ಅಕಾಡೆಮಿ ಬೇಡವೆಂಬುದು ನನ್ನ ಮಾತಲ್ಲವೇ ಅಲ್ಲ. ಆ ಬದಲಾವಣೆಯಲ್ಲಿ ಹಳೆಯದು ಹೋಗಿ ಹೊಸದು ಬಂತೆಂದು ಓದುವವರಿದ್ದಾರೆ. ನಾನು ನೋಡುವುದು ಬೇರೆ: ಹಳ್ಳಿ ಕ್ಲಬ್ಬಿನ ಬಾಗಿಲಿನಿಂದ ಬಂದವನೂ ಕೇಂದ್ರದ ಬಾಗಿಲಿನಿಂದ ಬಂದವನೂ ಒಂದೇ ತಂಡದ ಒಂದೇ ಅಂಗಿ ತೊಟ್ಟಿದ್ದರು. ಎರಡು ಬಾಗಿಲೂ ತೆರೆದಿದ್ದ ದೇಶ ಅಂದು ಗೆದ್ದಿತು. ಗೋಟ್ಸೆಯ ಮುಂದಿನ ವರ್ಷಗಳೂ ಸುಲಭವಾಗಿರಲಿಲ್ಲ. 2017ರಲ್ಲಿ ಚಯಾಪಚಯದ ತೊಂದರೆಯಿಂದ ತಿಂಗಳುಗಟ್ಟಲೆ ಆಟದಿಂದ ದೂರವಿದ್ದು, ನೆದರ್ಲೆಂಡ್ಸ್ ಮತ್ತು ಫ್ರಾಂಕ್‌ಫರ್ಟ್‌ನಲ್ಲಿ ನಿಧಾನವಾಗಿ ಮತ್ತೆ ಎದ್ದು ನಿಂತರು. ಬೇಗ ಬಂದವನಿಗೂ ಕೊನೆಗೆ ಬೇಕಾದದ್ದು ಎರಡನೆಯ ಅವಕಾಶವೇ.

ಇಂದಿನ ಆಟ ಎಷ್ಟು ವೇಗವಾಗಿದೆ, ತಂತ್ರಗಳು ಎಷ್ಟು ಜಟಿಲವಾಗಿವೆಯೆಂದರೆ ಇಪ್ಪತ್ತರಲ್ಲಿ ಏಳನೇ ಲೀಗಿನಲ್ಲಿರುವವನು ಇನ್ನು ಮೇಲೆ ಬರಲಾರ ಎನ್ನುವವರಿಗೆ ಉತ್ತರ ಹೇಳುವುದು ನಿಜಕ್ಕೂ ಕಷ್ಟ. ಅವರ ಮಾತು ಸರಿಯೂ ಇರಬಹುದು. ಆದರೆ ಕ್ಲೋಸೆ ಹೋದ ಮೇಲೆ ಜರ್ಮನಿ ಹುಡುಕುತ್ತಲೇ ಇರುವುದು ಅವರಂಥದೇ ಒಬ್ಬ ಆಟಗಾರನನ್ನು. 2018 ಮತ್ತು 2022ರ ವಿಶ್ವಕಪ್‌ಗಳಲ್ಲಿ ಗುಂಪು ಹಂತದಲ್ಲೇ ಹೊರಬಿದ್ದ ತಂಡಕ್ಕೆ ಚೆಂಡು ಚಲಾಯಿಸುವವರ ಕೊರತೆ ಇರಲಿಲ್ಲ, ಗೋಲಿನ ಬಾಯಲ್ಲಿ ನಿಲ್ಲುವವರ ಕೊರತೆಯಿತ್ತು. 2022ರಲ್ಲಿ ಆ ಜಾಗಕ್ಕೆ ಕೊನೆಗೆ ಕರೆದದ್ದು ನಿಕ್ಲಾಸ್ ಫ್ಯುಲ್‌ಕ್ರುಗ್ ಅವರನ್ನು. ಅಕಾಡೆಮಿಯಲ್ಲೇ ಬೆಳೆದರೂ ಗಾಯಗಳಿಂದ, ಎರಡನೇ ದರ್ಜೆಯ ಲೀಗಿನಲ್ಲಿ ಕಳೆದ ವರ್ಷಗಳಿಂದ ಹಿಂದುಳಿದಿದ್ದ ಅವರಿಗೆ ರಾಷ್ಟ್ರೀಯ ತಂಡದ ಕರೆ ಬಂದಾಗ 29 ವರ್ಷ. ಸ್ಪೇನ್ ವಿರುದ್ಧ ಸಮಬಲದ ಗೋಲು ಹೊಡೆದದ್ದು ಅವರೇ. ಜರ್ಮನ್ ಸಂಸ್ಥೆಯೂ ಈಚೆಗೆ ತನ್ನ ಹೆಜ್ಜೆಗಳನ್ನು ಮರುಪರಿಶೀಲಿಸುತ್ತಿದೆ. 2024ರಿಂದ ಎಳೆಯ ಮಕ್ಕಳಿಗೆ ಸಣ್ಣ ಮೈದಾನದಲ್ಲಿ, ಕೆಲವೇ ಮಂದಿಯ ತಂಡಗಳಲ್ಲಿ ಆಡಿಸುವ ಪದ್ಧತಿ ಕಡ್ಡಾಯವಾಯಿತು, ಎಲ್ಲರಿಗೂ ಚೆಂಡು ಸಿಗಲೆಂದು. ಹದಿನೇಳು ಮತ್ತು ಹತ್ತೊಂಬತ್ತರೊಳಗಿನವರ ಉನ್ನತ ಲೀಗನ್ನು ಹೊಸದಾಗಿ ರೂಪಿಸಿ, ಕೆಳಕ್ಕಿಳಿಯುವ ಭಯವನ್ನು ತೆಗೆದರು. ಹುಡುಗರನ್ನು ಇಂದೇ ಗೆಲ್ಲಿಸಬೇಕೆಂಬ ಒತ್ತಡ ನಾಳೆಯ ಆಟಗಾರನನ್ನು ತಿನ್ನುತ್ತಿದೆ ಎಂಬ ಅರಿವು ಇದರ ಹಿಂದಿದೆ.

2016ರಲ್ಲಿ ಆಟದಿಂದ ನಿವೃತ್ತರಾದ ಕ್ಲೋಸೆ ತರಬೇತಿಯ ಕಡೆ ಹೊರಳಿದರು. 2018ರಲ್ಲಿ ಬಾಯರ್ನ್ ಮ್ಯೂನಿಕ್ ಅವರಿಗೆ ಹದಿನೇಳರೊಳಗಿನ ತಂಡವನ್ನು ಒಪ್ಪಿಸಿತು. ಎರಡು ವರ್ಷ ಅವರ ಮುಂದೆ ಸಾಲಾಗಿ ನಿಂತವರು ದೇಶದಾದ್ಯಂತ ಜರಡಿ ಹಿಡಿದು ಆರಿಸಿ ತಂದ ಹುಡುಗರು, ಚಿಕ್ಕಂದಿನಿಂದಲೂ ಒಂದೊಂದು ಓಟವನ್ನೂ ಅಳೆಸಿಕೊಂಡು ಬೆಳೆದವರು. ಅದೇ ವಯಸ್ಸಿನಲ್ಲಿ ಅವರ ಕೋಚ್ ಕೂಸಲ್‌ನ ಪಕ್ಕದ ಹಳ್ಳಿಯ ಮೈದಾನದಲ್ಲಿ, ಯಾರ ಪಟ್ಟಿಯಲ್ಲೂ ಹೆಸರಿಲ್ಲದೆ, ಚೆಂಡು ಬೀಳುವ ಜಾಗವನ್ನು ಊಹಿಸುವುದನ್ನು ಕಲಿಯುತ್ತಿದ್ದರು.